ತೋಟದ ಹೊರಗೆ ಎರಡು ಜೊತೆ ಚಪ್ಪಲಿ

ವೀಳ್ಯದೆಲೆ ತೋಟದೊಳಗೆ ಚಪ್ಪಲಿ ಹಾಕಿಕೊಂಡು ಹೋಗುವ ಪದ್ಧತಿ ನಮ್ಮ ಸವಣೂರು ಕಡೆ ಇಲ್ಲ. ಕಳ್ಳತನಕ್ಕೆ ಬಂದರೂ ಇಲ್ಲ. ಪಕ್ಕದ ಮನೆಯ ಅಣ್ಣ ತಂಗಿ ನನ್ನ ತೋಟ ಹೊಕ್ಕದ್ದು ಗೊತ್ತಾದದ್ದೇ ಹಾಗೆ. ಬೇಲಿಯ ಹೊರಗೆ ಎರಡು ಜೊತೆ ಚಪ್ಪಲಿ ಇದ್ದವು. ಇಬ್ಬರೂ ಹೈಸ್ಕೂಲಿನ ಮಕ್ಕಳು. ಎಲೆ ಕೊಯ್ದು, ಯಲವಿಗಿ ಸ್ಟೇಷನ್ನಿನಲ್ಲಿ ಮಾರಿ, ಮೊಬೈಲಿಗೆ ರೀಚಾರ್ಜ್ ಹಾಕಿಸುವ ಯೋಚನೆ ಅವರದು.

ಇಬ್ಬರನ್ನೂ ಊರ ಕಟ್ಟೆಗೆ ಕರೆತಂದೆ. ಹುಡುಗನನ್ನು ನೋಡಿ ನಾನೇ ನಕ್ಕೆ. "ಕಳ್ಳ ಆದ್ರೂ ಸಂಸ್ಕಾರ ಐತಿ ನೋಡ್ರಿ ಮಗಗ, ಚಪ್ಪಲಿ ಬಿಟ್ಟ ಹೊಕ್ಕಾನ!" ಎಲ್ಲರೂ ನಕ್ಕರು. ತಂಗಿಯೂ ಚಪ್ಪಲಿ ಬಿಟ್ಟೇ ಹೊಕ್ಕಿದ್ದಳು. ಆದರೆ ಮುಟ್ಟಾದ ಹೆಣ್ಣು ಕಾಲಿಟ್ಟರೆ ಬಳ್ಳಿ ಸಾಯುತ್ತದೆಂದು ನಮ್ಮಲ್ಲಿ ನಂಬುತ್ತಾರೆ. ಅವಳಿಗೆ ನಾನು ಅಂದದ್ದು ಬೇರೆ: "ಹೆಣ್ಣಾಗಿ ಬೇಲಿ ಹಾರ್ತೀಯಲ್ಲ, ಮುಟ್ಟಾಗಿದ್ದಿಯೋ ಏನೋ. ಇನ್ನ ಬಳ್ಳಿ ಉಳದಂಗ!"

ಯಾರೂ ನಗಲಿಲ್ಲ.

ತಿಂಗಳೊಳಗೆ ಬಳ್ಳಿ ಬಾಡಿದವು. ಅವಳಿಗೆ 'ಬಳ್ಳಿ ಸುಟ್ಟಾಕಿ', ಅಂದರೆ ಬಳ್ಳಿ ಸುಟ್ಟವಳು, ಎಂಬ ಹೆಸರು ಬಿತ್ತು. ಅಂಗಡಿಯಲ್ಲಿ ಏನು ಕಾಣೆಯಾದರೂ ಅವಳ ಚೀಲ ತಡಕುತ್ತಿದ್ದರು. ಅಣ್ಣ ಅದೇ ಅಂಗಡಿಯ ಮುಂದೆ ಗೆಳೆಯರ ಜೊತೆ ಖಾರ ಮಂಡಕ್ಕಿ ತಿನ್ನುತ್ತ ನಿಂತಿರುತ್ತಿದ್ದ. ಕಡೆಗೆ ಅವಳು ಶಾಲೆ ಬಿಟ್ಟಳು.

ಮಕ್ಕಳು ಬರುವ ಮೊದಲೇ ಬಳ್ಳಿಯ ಬುಡ ಕೊಳೆಯುತ್ತಿತ್ತು. ಮಳೆಗಾಲದಲ್ಲಿ ಕಾಲುವೆ ತೆಗೆಸದೆ ನೀರು ನಿಲ್ಲಗೊಟ್ಟವನು ನಾನು. ಬೇರು ಕಿತ್ತು ಮೂಸಿಯೂ ನೋಡಿದ್ದೆ. ಮೈಗಳ್ಳ ಎನ್ನಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಸುಲಭವಾಗಿತ್ತು.

ಹದಿನೈದು ದಿನದ ಹಿಂದೆ ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಹೋಗಿ ಎಲ್ಲ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಅವತ್ತ ಊರೆಲ್ಲಾ ಕೇಳುವಂಗ ಅಂದ್ರಿ ಅಜ್ಜಾ. ಇವತ್ತ ನನ್ನೊಬ್ಬಾಕಿಗೆ ಹೇಳಾಕತ್ತೀರಿ."

ಅಂದೇ ಸಂಜೆ ಕಟ್ಟೆಗೆ ಹೋಗಿ ಹೇಳಿದೆ. "ವಯಸ್ಸಾತು, ಅಜ್ಜನ ಕರುಳ ಮೆತ್ತಗಾಗೇತಿ," ಎಂದ ಒಬ್ಬ. "ಬಳ್ಳಿ ಸುಟ್ಟಾಕಿ ನಿಮಗೂ ಏನರ ಮಾಡಿದ್ಲೇನ್ರಿ?" ಎಂದ ಇನ್ನೊಬ್ಬ. ಮತ್ತೊಮ್ಮೆ ಹೇಳಿದೆ. ಮಾತು ಮಳೆಯ ಕಡೆ ಹೊರಳಿತು.

ಅವಳನ್ನು ಮತ್ತೆ ಶಾಲೆಗೆ ಕಳಿಸಲು ಅವಳಪ್ಪನನ್ನು ಕೇಳಿಕೊಂಡೆ.

"ಚಿಕ್ಕೇರೂರಿಗೆ ನಮ್ಮಕ್ಕನ ಮನಿಗೆ ಕಳಿಸಾಕತ್ತೇನ್ರಿ ಕಾಕಾ. ಅಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ."

"ಅಲ್ಲಿ ಸಾಲಿಗೆ ಹಾಕ್ತೀಯೇನು?"

"ಸಾಲಿ ಮಾತ ಬ್ಯಾಡ್ರಿ."

ಅವಳು ಇನ್ನೂ ಹೋಗಿಲ್ಲ. ನಾನು ದಿನಾ ಸಂಜೆ ಕಟ್ಟೆಗೆ ಹೋಗಿ ಅದನ್ನೇ ಹೇಳುತ್ತೇನೆ. ಈಗ ನನ್ನನ್ನು ಕಂಡರೆ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ.