ಕಂಬಳಿ ಇನ್ಸ್‌ಪೆಕ್ಟರು ನರ್ಸಿಂಗ್ ಹೋಮನ್ನು ಪರೀಕ್ಷಿಸಿದ್ದು

ಯುದ್ಧದ ವರ್ಷಗಳಲ್ಲಿ ನಾನು ಬೆಂಗಳೂರು ದಂಡಿನ ಒಂದು ಮಿಲಿಟರಿ ಉಗ್ರಾಣದಲ್ಲಿ ಕಂಬಳಿಗಳ ಇನ್ಸ್‌ಪೆಕ್ಟರಾಗಿದ್ದೆ. ಲೋಕವೆಲ್ಲ ಗುಂಡು ಹಾರಿಸುತ್ತಿದ್ದಾಗ ನಾನು ತಗಡಿನ ಶೆಡ್ಡಿನಲ್ಲಿ ಕುಳಿತು ಕಂಬಳಿ ಮೂಸುತ್ತಿದ್ದೆ. ಮೂಸುವುದು, ಹಿಂಡುವುದು, ಬೆಳಕಿಗೆ ಹಿಡಿಯುವುದು, ಕೊನೆಗೆ ಸೀಲು ಒತ್ತುವುದು ಅಥವಾ ಒತ್ತದಿರುವುದು. ಆ ಸೀಲಿನ ಮಹಿಮೆಯಿಂದ ಕಂಟ್ರಾಕ್ಟರುಗಳು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಮನೆಯಲ್ಲಿ ಯಾರೂ ಏಳುತ್ತಿರಲಿಲ್ಲ. ಅಲ್ಲಿ ಸೀಲು ಅಕ್ಕನ ಕೈಯಲ್ಲಿತ್ತು.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದಮೇಲೆ ನನಗೆ ಅನ್ನ ಕಲಸಿ ಹಾಕಿದವಳು. ತನ್ನ ಗಂಡ ಹೋದಮೇಲೆ ನನ್ನ ಮನೆಗೆ ಬಂದು ಆ ಕೆಲಸವನ್ನು ಬಿಟ್ಟಲ್ಲಿಂದ ಮುಂದುವರಿಸಿದವಳು. ಹಲಸೂರಿನ ನಮ್ಮ ಮನೆಯ ಬಾವಿಕಟ್ಟೆಯಲ್ಲಿ ಒಂದು ಬೆಳಿಗ್ಗೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಬಾಣಸವಾಡಿ ಕಡೆಯಿಂದ ಬಂದ ನಾಟಿ ವೈದ್ಯ ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಕಟ್ಟಿ, "ಮೂರು ವಾರ ಅಲ್ಲಾಡಿಸ್ಬೇಡಿ ಸ್ವಾಮಿ" ಎಂದು ಹೇಳಿ ಹೋದ.

ಆಡಳಿತದ ಅನುಭವವಿದ್ದ ನಾನು ಆ ಮಾತನ್ನು ಕೂಡಲೇ ಕಾಗದಕ್ಕೆ ಇಳಿಸಿ ಕೋಣೆಯ ಬಾಗಿಲಿಗೆ ಅಂಟಿಸಿದೆ: "ರೋಗಿಯನ್ನು ಯಾವ ಕಾರಣಕ್ಕೂ ಅಲ್ಲಾಡಿಸಕೂಡದು." ಕೆಳಗೆ ಸಹಿ, ಸಹಿಯ ಕೆಳಗೆ ಹುದ್ದೆ. ನನ್ನ ಹೆಂಡತಿಗೆ ಆಗ ಎಂಟನೆಯ ತಿಂಗಳು. ಆ ಭಾರ ಹೊತ್ತುಕೊಂಡೇ ಅಕ್ಕನಿಗೆ ಉಣಿಸಿ, ಒರೆಸಿ ಮಾಡುತ್ತಿದ್ದಳು. ಐದಾರು ದಿನ ಕಳೆದಮೇಲೆ ಒಮ್ಮೆ, "ರೀ, ಒಂಚೂರು ಮಗ್ಗುಲಿಗೆ ತಿರುಗಿಸ್ಲಾ? ಬೆನ್ನು ಉರಿ ಅಂತಾರೆ" ಎಂದು ಕೇಳಿದಳು. ನಾನು ಬಾಗಿಲಿನ ಕಾಗದದ ಕಡೆ ಬೆರಳು ತೋರಿಸಿದೆ.

ಹನ್ನೆರಡನೆಯ ದಿನ ಜ್ವರ ಏರಿತು. ಡಾಕ್ಟರು ಬಂದು ನಾಡಿ ಹಿಡಿದರು, ನಾಲಗೆ ನೋಡಿದರು, ಹೊರಗೆ ಜಗಲಿಗೆ ಬಂದು ದನಿ ತಗ್ಗಿಸಿದರು. "ಇಲ್ಲೇ ಇಟ್ಕೊಂಡ್ರೆ ಉಳಿಯೋದು ಕಷ್ಟ. ಒಳ್ಳೇ ನರ್ಸಿಂಗ್ ಇರೋ ಕಡೆ ಸೇರಿಸಿ. ಮೂಳೆ ಕೂಡೋವರೆಗೂ ಅಲ್ಲೇ ಇರ್ಲಿ. ಆದ್ರೆ ನೋಡಿ ಸೇರಿಸಿ. ನೋಡ್ಕೊಳ್ಳೋರು ಸರಿ ಇಲ್ದಿದ್ರೆ ಅಲ್ಲೂ ಉಳಿಯಲ್ಲ."

ನೋಡಿ ಸೇರಿಸಿ! ಇಡೀ ದಂಡಿನಲ್ಲಿ ಆ ಮಾತಿಗೆ ನನಗಿಂತ ಅರ್ಹನಾದ ಗಂಡಸು ಯಾರಿದ್ದ? ದೊಡ್ಡ ಆಸ್ಪತ್ರೆಗಳ ಮಂಚಗಳೆಲ್ಲ ಸೈನಿಕರ ಪಾಲಾಗಿದ್ದವು. ಹಲಸೂರು ಕೆರೆಯ ಆಚೆ ದಡದ ಒಂದು ಬಂಗಲೆಯಲ್ಲಿ ಆಂಗ್ಲೋ-ಇಂಡಿಯನ್ ಮೇಟ್ರನ್ ಒಬ್ಬಾಕೆ ಎಂಟು ಮಂಚಗಳ ನರ್ಸಿಂಗ್ ಹೋಮ್ ನಡೆಸುತ್ತಿದ್ದಳು. ಉಗ್ರಾಣದ ಪದ್ಧತಿಯಂತೆ ನಾನು ಮೊದಲು ಒಂದು ಪೋಸ್ಟ್ ಕಾರ್ಡು ಬರೆದೆ: ನಾಳಿದ್ದು ಬೆಳಿಗ್ಗೆ ಹತ್ತಕ್ಕೆ ತಪಾಸಣೆಗೆ ಬರುತ್ತೇನೆ. ಸರ್ಕಾರಿ ತಪಾಸಣೆಗೆ ಮುನ್ಸೂಚನೆ ಕೊಡುವುದು ಮರ್ಯಾದೆ. ಅದರಿಂದ ತಪಾಸಣೆ ವ್ಯರ್ಥವಾಗುತ್ತದೆ ಎಂಬುದು ಬೇರೆ ವಿಚಾರ. ಅದು ನನಗೆ ಆ ದಿನ ಹೊಳೆಯಲಿಲ್ಲ.

ಹತ್ತಕ್ಕೆ ಹೋದೆ. ನೆಲ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು, ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಹಾಸಿಗೆಯ ಹತ್ತಿಯನ್ನು ಹಿಸುಕಿ ನೋಡಿದೆ. ಹೊದಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬಾವಿಯ ನೀರು ಕುಡಿದೆ. ಅಡಿಗೆ ಮಾಡುವವಳು ಮಡಿಯವಳೇ ಎಂದು ವಿಚಾರಿಸಿದೆ. ಮೇಟ್ರನ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಹಿಂದೆಯೇ ಬರುತ್ತಿದ್ದಳು. ಐವತ್ತು ದಾಟಿದ, ದಪ್ಪ ಮೊಣಕೈಗಳ ಹೆಂಗಸು.

"ಬ್ಲಾಂಕೆಟ್ ಮೂಸಿ ಆಯ್ತಾ, ಸರ್? ಪೇಶೆಂಟ್ ಯಾವಾಗ ಬರ್ತಾರೆ?"

ಆ ಮಧ್ಯಾಹ್ನವೇ ಅಕ್ಕನನ್ನು ಸ್ಟ್ರೆಚರಿನಲ್ಲಿ ತಂದರು. ಮೇಟ್ರನ್ ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಪರೀಕ್ಷೆ ಮಾಡಿದಳು. ಆಮೇಲೆ ಒಂದು ಕಾಗದ ತಂದು, "ಅಡ್ಮಿಶನ್ ಶೀಟ್. ಓದಿ ಸೈನ್ ಮಾಡಿ" ಎಂದಳು. ನಾನು ಆಗ ಹೊರಗೆ ಮೊಣಕಾಲೂರಿ ಖಾಲಿ ಮಂಚವೊಂದರ ಕಾಲಿನ ಕೀಲು ಪರೀಕ್ಷಿಸುತ್ತಿದ್ದೆ. ಅಲ್ಲಿಂದಲೇ ಕೈ ಚಾಚಿ ಸಹಿ ಹಾಕಿದೆ.

ನೋಡಲು ಬಿಡುತ್ತಿದ್ದದ್ದು ಗುರುವಾರ ಮತ್ತು ಭಾನುವಾರ, ನಾಲ್ಕರಿಂದ ಐದು. ಹೆಂಡತಿ ಬರುವಂತಿರಲಿಲ್ಲ. ಬಸುರಿ ರೋಗಿಗಳಿರುವ ಜಾಗಕ್ಕೆ ಕಾಲಿಡಬಾರದೆಂದು ಸ್ಟ್ರೆಚರಿನ ಮೇಲೆ ಮಲಗಿದ್ದಾಗಲೇ ಅಕ್ಕ ಆಜ್ಞೆ ಹೊರಡಿಸಿದ್ದಳು. ಹೀಗಾಗಿ ನಾನೊಬ್ಬನೇ ಹೋಗುತ್ತಿದ್ದೆ.

ಮೊದಲ ಗುರುವಾರ ಅಕ್ಕ ತಲೆ ಬಾಚಿಸಿಕೊಂಡು ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದಳು. "ಚೆನ್ನಾಗಿ ನೋಡ್ಕೋತಾರಾ?" ಎಂದೆ. "ಚೆನ್ನಾಗಿ ನೋಡ್ಕೋತಾರೆ" ಎಂದಳು. ಅಕ್ಕ ತನ್ನ ಆಯುಷ್ಯದಲ್ಲಿ ಯಾವುದನ್ನೂ ಮೊದಲ ಸಲಕ್ಕೆ ಚೆನ್ನಾಗಿದೆ ಎಂದವಳಲ್ಲ. ಸಾರಿಗೆ ಉಪ್ಪು ಕಡಿಮೆ ಎನ್ನದೆ ಊಟಕ್ಕೆ ಕೂತವಳಲ್ಲ. ನನಗೆ ಅಂದೇ ಅನುಮಾನ ಶುರುವಾಯಿತು.

ಭಾನುವಾರ ಮತ್ತೆ ಗೋಡೆಯ ಕಡೆ ಮುಖ. ಮನೆಯಿಂದ ಕೊಟ್ಟ ಹಿತ್ತಾಳೆ ಲೋಟ ಕಾಣಲಿಲ್ಲ; ಮೇಟ್ರನ್ನನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ. ಕೋಣೆಯಲ್ಲಿ ಸ್ಪಿರಿಟಿನ ಘಾಟು. ಅಕ್ಕನನ್ನು ನೋಡಿಕೊಳ್ಳುವ ಆಯಾ ಹೊರಗೆ ಹೋಗುವಾಗ ಅವಳ ಸೆರಗಿನಿಂದಲೂ ಅದೇ ಘಾಟು. ಶೆಡ್ಡಿನಲ್ಲಿ ಹಮಾಲರು ಕೆಲವರು ಸ್ಪಿರಿಟು ಕುಡಿದು ಉರುಳುವುದನ್ನು ನಾನು ಕಂಡಿದ್ದೆ. ಕುಡಿದ ಹೆಂಗಸಿನ ಕೈಗೆ ಅಕ್ಕನ ಮೂಳೆ ಸಿಕ್ಕಿದೆಯೇ ಎಂಬ ಯೋಚನೆ ಅಂದಿನಿಂದ ಕಂಬಳಿ ಕಂಬಳಿಯ ನಡುವೆಯೂ ಬರತೊಡಗಿತು.

ಮರು ಗುರುವಾರ ಹತ್ತು ನಿಮಿಷ ಮುಂಚೆ ಹೋದೆ. ಬಾಗಿಲು ಹಾಕಿತ್ತು. ಒಳಗಿನಿಂದ ಅಕ್ಕನ ನರಳಾಟ ಕೇಳಿತು. ನರಳಾಟವೆಂದರೆ ಸಣ್ಣದಲ್ಲ, ಬಾವಿಕಟ್ಟೆಯಲ್ಲಿ ಬಿದ್ದ ದಿನವೂ ಅವಳು ಹಾಗೆ ಕೂಗಿರಲಿಲ್ಲ. ಬಡಿದೆ. ತೆಗೆಯಲಿಲ್ಲ. ನಾಲ್ಕು ಹೊಡೆದಮೇಲೆ ತೆಗೆದರು. ಆಯಾ ಬಗಲಲ್ಲಿ ಒಂದು ರಬ್ಬರ್ ಟ್ಯೂಬು ಹಿಡಿದು ಹೊರಗೆ ಬಂದಳು. ತೇಪೆ ಹಾಕಿದ ಮೋಟಾರಿನ ಟ್ಯೂಬು. ಬೆಂಗಳೂರಿನಲ್ಲಿ ರಬ್ಬರು ಬಂಗಾರವಾಗಿದ್ದ ಕಾಲ ಅದು.

"ಇದೇನಮ್ಮಾ ಇದು?"

"ಅದು ಒಣ್ಣೂ ಇಲ್ಲ, ಏನೂ ಇಲ್ಲ ಸಾಮೀ. ಮೇಟ್ರನ್ ಅಮ್ಮನ್ನ ಕೇಳಿ" ಎಂದು ಆಕೆ ಸರಸರನೆ ನಡೆದಳು.

ಒಳಗೆ ಅಕ್ಕನ ಕಣ್ಣು ಕೆಂಪಾಗಿತ್ತು. "ಯಾಕೆ ಕೂಗಿದ್ದು?" ಎಂದೆ. "ಯಾರು ಕೂಗಿದ್ದು?" ಎಂದಳು. "ಸುಮ್ನೆ ಮನೆಗೆ ಹೋಗು. ನಿನ್ನ ಹೆಂಡ್ತಿ ಒಬ್ಳೇ ಇರ್ತಾಳೆ."

ಆ ವಾರ ಉಗ್ರಾಣದಲ್ಲಿ ನಾನು ಸೀಲನ್ನೇ ಎರಡು ಸಲ ತಲೆಕೆಳಗಾಗಿ ಒತ್ತಿದೆ. ಕಂಟ್ರಾಕ್ಟರುಗಳು ಮೂಟೆಯ ಮೇಲುಗಡೆ ಒಳ್ಳೆಯ ಕಂಬಳಿ ಇಟ್ಟು ಕೆಳಗೆ ತೂತು ಕಂಬಳಿ ತುರುಕುತ್ತಾರೆ. ಅದಕ್ಕೇ ಒಳ್ಳೆಯ ಇನ್ಸ್‌ಪೆಕ್ಟರು ಕೆಳಗಿನಿಂದ ಮೂರನೆಯದನ್ನು ಎಳೆದು ನೋಡುತ್ತಾನೆ. ನನಗೆ ಅಲ್ಲಿ ತೋರಿಸಿದ್ದೆಲ್ಲ ಮೇಲಿನ ಕಂಬಳಿ. ಪೋಸ್ಟ್ ಕಾರ್ಡು ಬರೆದು, ಸುಣ್ಣ ಹೊಡೆಯಲು ಪುರುಸೊತ್ತು ಕೊಟ್ಟು, ಅಕ್ಕನನ್ನು ನಾನೇ ಕೈಯಾರೆ ಒಪ್ಪಿಸಿದ್ದೆ.

ಬುಧವಾರ ಮಧ್ಯಾಹ್ನ ಎರಡಕ್ಕೆ, ಯಾರಿಗೂ ಮುನ್ಸೂಚನೆಯಿಲ್ಲದೆ, ಜಟಕಾ ಒಂದನ್ನು ಹಿಡಿದೆ. ಅದರ ತುಂಬ ಹುಲ್ಲು ಹಾಸಿ, ಮೇಲೆ ಮನೆಯ ಹಾಸಿಗೆ ಹಾಕಿ, ಉಗ್ರಾಣದ ಇಬ್ಬರು ಹಮಾಲರನ್ನು ಕರೆದುಕೊಂಡೆ. ಹೆಂಡತಿ ಕೋಣೆ ಸಾರಿಸಿ, ನೀರು ಕಾಯಲಿಟ್ಟು, ಬಾಗಿಲಲ್ಲಿ ನಿಂತಳು. "ನಿಧಾನಕ್ಕೆ ತರ್ರೀ. ಗುಂಡಿ ಇರೋ ಕಡೆ ಇಳಿದು ಹಿಡ್ಕೊಳ್ಳಿ" ಎಂದು ಎರಡು ಸಲ ಹೇಳಿದಳು.

ಬಂಗಲೆಯ ಮುಂದೆ ಜಟಕಾದವನು, "ಜಲ್ದಿ ಬನ್ನಿ ಸಾಬ್. ಮಿಲ್ಟ್ರಿ ಲಾರಿ ಬಂದ್ರೆ ನಮ್ ಕುದುರೆ ನಿಲ್ಲಲ್ಲ" ಎಂದ. ನಾನು ಹಮಾಲರೊಂದಿಗೆ ನೇರವಾಗಿ ಒಳಗೆ ನುಗ್ಗಿದೆ. ಅಕ್ಕನ ಕೋಣೆಯ ಬಾಗಿಲು ಹಾಕಿತ್ತು. ಒಳಗೆ ಅದೇ ನರಳಾಟ. ಹೊರಗೆ ಅದೇ ಘಾಟು. ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಮೇಟ್ರನ್ ಎಲ್ಲಿಂದಲೋ ಬಂದು ಅಡ್ಡ ನಿಂತಳು.

"ಈಗ ಹೋಗೋ ಹಾಗಿಲ್ಲ."

"ನಮ್ಮಕ್ಕನ್ನ ಕರ್ಕೊಂಡ್ ಹೋಗೋಕೆ ಬಂದಿದೀನಿ. ದಾರಿ ಬಿಡಿ."

"ಇವತ್ತಾ? ಬೋನ್ ಈಗಷ್ಟೇ ಹಿಡೀತಾ ಇದೆ. ಗಾಡೀಲಿ ಕುಲುಕಿದ್ರೆ ಮತ್ತೆ ಸರಿಯುತ್ತೆ. ಇನ್ನೊಂದ್ಸಲ ಅವರು ತಡೆಯಲ್ಲ."

"ಇಲ್ಲಿದ್ರೂ ತಡೆಯಲ್ಲ. ನಿಮ್ಮ ಆಯಾ ಕುಡೀತಾಳೆ. ಒಳಗೆ ಏನು ಮಾಡ್ತಿದಾರೆ ಅಂತ ನಂಗೆ ಗೊತ್ತು."

ಮೇಟ್ರನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಕಂಬಳಿಗಳನ್ನು ನೋಡುವಾಗ ಹೇಗಿರುತ್ತೇನೆಂದು ಆಗ ತಿಳಿಯಿತು. ಹಮಾಲರಲ್ಲಿ ಒಬ್ಬ ಆಗಲೇ ಮುಂಡಾಸು ಬಿಗಿಯುತ್ತಿದ್ದ. ಆಕೆ ಅವನಿಗೆ, "ಏ, ನೀನು ಅಲ್ಲೇ ನಿಲ್ಲು" ಎಂದಳು, ಅವನು ನಿಂತ. ಆಮೇಲೆ ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ನನ್ನ ಮುಖದ ಮುಂದೆ ಹಿಡಿದಳು.

"ಈ ಸೈನ್ ನಿಮ್ದೇ ತಾನೆ?"

ನನ್ನದೇ. ಅಡ್ಮಿಶನ್ ಶೀಟು. ನಾನು ಮಂಚದ ಕೆಳಗಿನಿಂದ ಸಹಿ ಹಾಕಿದ್ದರಿಂದ ಸ್ವಲ್ಪ ಸೊಟ್ಟಗಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ನಿಂತಲ್ಲೇ ಓದಿದೆ. ಬರುವಾಗಲೇ ಬೆನ್ನಿನ ಕೆಳಭಾಗದಲ್ಲಿ ಹಾಸಿಗೆ ಹುಣ್ಣು, ಅಂಗೈಯಗಲ, ಕೀವು ತುಂಬಿದೆ, ಜ್ವರಕ್ಕೆ ಅದೇ ಕಾರಣ. ರೋಗಿಯನ್ನು ಬಹಳ ದಿನ ಒಂದೇ ಭಂಗಿಯಲ್ಲಿ ಮಲಗಿಸಿದಂತೆ ಕಾಣುತ್ತದೆ. ಕೆಳಗೆ: ಮೇಲ್ಕಂಡದ್ದು ಸರಿಯಿದೆಯೆಂದು ಒಪ್ಪಿದ್ದೇನೆ. ಅದರ ಕೆಳಗೆ ಸಹಿ, ಸಹಿಯ ಕೆಳಗೆ ಹುದ್ದೆ.

"ನಿಮಗೆ ಗೊತ್ತಿದೆ ಅಂತಾನೇ ನಾನು ತಿಳ್ಕೊಂಡಿದ್ದೆ" ಎಂದಳು ಮೇಟ್ರನ್. "ಎರಡು ವಾರದಿಂದ ಬರ್ತೀರ, ಲೋಟ ಎಲ್ಲಿ ಅಂತ ಕೇಳ್ತೀರ. ಹುಣ್ಣು ಹೇಗಿದೆ ಅಂತ ಒಂದಿನ ಕೇಳಲಿಲ್ಲ. ಎಂಥಾ ತಮ್ಮ ಅಂತ ನಾನೂ ಆಯಾನೂ ಮಾತಾಡ್ಕೋತಿದ್ವಿ."

ಎರಡು ಗಂಟೆಗೊಮ್ಮೆ ಕಾಲಿನ ಹಲಗೆ ಅಲುಗದಂತೆ ಮೂವರು ಹಿಡಿದು ಅಕ್ಕನನ್ನು ಮಗ್ಗುಲು ಬದಲಿಸುತ್ತಿದ್ದರಂತೆ. ಹುಣ್ಣು ತೊಳೆಯುವಾಗಿನ ನರಳಾಟ ಅದು. ಹುಣ್ಣಿನ ಸುತ್ತಲಿನ ಚರ್ಮ ಗಟ್ಟಿಯಾಗಲೆಂದು ಸ್ಪಿರಿಟು ತಿಕ್ಕುತ್ತಿದ್ದರು. ಹುಣ್ಣಿಗೆ ಹಾಸಿಗೆ ತಾಗಬಾರದೆಂದು ಗಾಳಿ ತುಂಬಿದ ರಬ್ಬರ್ ಉಂಗುರ ಬೇಕಿತ್ತು. ಯುದ್ಧಕಾಲದಲ್ಲಿ ಅದು ಎಲ್ಲಿಯೂ ಸಿಗದೆ, ಮೇಟ್ರನ್ ತನ್ನ ಹಳೆಯ ಬೇಬಿ ಕಾರಿನ ಟ್ಯೂಬನ್ನು ಬಿಚ್ಚಿಸಿದ್ದಳು. ಕಾರು ಹಿತ್ತಲಿನಲ್ಲಿ ಮೂರು ಚಕ್ರದ ಮೇಲೆ ನಿಂತಿತ್ತು. ಅದನ್ನು ನಾನು ಅಕ್ಕನನ್ನು ಕಾಣಲು ಬಂದಾಗಲೆಲ್ಲ ನೋಡಿ, ಈ ಹೆಂಗಸಿಗೆ ವಸ್ತುಗಳನ್ನು ಸುಸ್ಥಿತಿಯಲ್ಲಿಡಲು ಬರುವುದಿಲ್ಲವೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡಿದ್ದೆ.

ಒಳಗಿನಿಂದ ಅಕ್ಕನ ದನಿ ಬಂತು. "ಯಾರೇ ಅದು ಕೂಗಾಡ್ತಿರೋದು? ನೀನೇನೋ?"

"ಹೂಂ."

"ಕಾಗದ ತೋರ್ಸಿಬಿಟ್ರಾ?"

"ಹೂಂ."

ಬಾಗಿಲು ನಮ್ಮಿಬ್ಬರ ನಡುವೆ ಇದ್ದದ್ದು ಒಳ್ಳೆಯದೇ ಆಯಿತು.

"ಲೋ, ನಿನ್ನ ಹೆಂಡ್ತಿ ಹತ್ರ ಹೇಳ್ಬೇಡ. ತಾನು ನೋಡ್ಕೊಂಡಿದ್ದು ಸರಿಯಿಲ್ಲ ಅಂತ ಕೊರಗ್ತಾಳೆ. ದಿನ ತುಂಬಿದ ಹುಡುಗಿ. ಪಾಪ, ಅವಳು ಅವತ್ತೇ ತಿರುಗಿಸ್ಲಾ ಅಂದ್ಲು."

ಯಾರು ಬೇಡವೆಂದರು ಎಂಬುದನ್ನು ಅಕ್ಕ ಹೇಳಲಿಲ್ಲ. ಹೇಳಿದ್ದರೆ ವಾಸಿಯಾಗಿತ್ತು.

"ಇಲ್ಲೇ ಇರ್ತೀಯಾ?" ಎಂದು ಕೇಳಿದೆ.

"ಮತ್ತೆಲ್ಲಿಗೆ ಬರ್ಲಿ? ನಿನ್ನ ನೋಟೀಸಿನ ಕೆಳಗೆ ಮಲಗೋಕಾ? ಇಲ್ಲಿ ಸಾರು ನೀರು ನೀರು, ಅದೊಂದು ಬಿಟ್ರೆ ಪರವಾಗಿಲ್ಲ."

ಸಾರಿನ ಮೇಲೆ ದೂರು ಬಂದದ್ದೇ ತಡ, ನನಗೆ ಅಕ್ಕ ಉಳಿಯುತ್ತಾಳೆಂಬ ಧೈರ್ಯ ಬಂತು. ಕೋಣೆಯಿಂದ ಹೊರಗೆ ಬಂದ ಆಯಾಳಿಗೆ ಕೈ ಮುಗಿದೆ. ಏಕೆಂದು ಅವಳಿಗೆ ಗೊತ್ತಾಗಲಿಲ್ಲ. ಕುಡುಕಿ ಎಂದದ್ದು ಅವಳ ಕಿವಿಗೆ ಬಿದ್ದಿರಲಿಲ್ಲವೆಂದು ಇಂದಿಗೂ ನಂಬಿಕೊಂಡಿದ್ದೇನೆ. ಹಿತ್ತಾಳೆ ಲೋಟ ಮಾತ್ರ ಕೊನೆಗೂ ಸಿಗಲಿಲ್ಲ.

ಹಮಾಲರು ನಡೆದುಕೊಂಡು ಉಗ್ರಾಣಕ್ಕೆ ಹೋದರು. ನಾನು ಜಟಕಾದಲ್ಲಿ, ಮಡಿಸಲು ಮರೆತ ಖಾಲಿ ಹಾಸಿಗೆಯ ಪಕ್ಕದಲ್ಲಿ, ಕಾಲು ಇಳಿಬಿಟ್ಟು ಕುಳಿತೆ. ಕೆರೆಯ ದಂಡೆಯುದ್ದಕ್ಕೂ ನನ್ನ ಯೋಚನೆಯೆಲ್ಲ ಹೆಂಡತಿಗೆ ಏನು ಹೇಳಬೇಕೆಂಬುದೇ. ಗಾಡಿ ನಮ್ಮ ಬೀದಿಗೆ ತಿರುಗಿದಾಗ ಅವಳು ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಹಾಸಿದ ಹಾಸಿಗೆ, ಅದರ ಮೇಲೆ ಯಾರೂ ಇಲ್ಲ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ನಾನು. ಅವಳು ಒಂದು ಕೈಯಿಂದ ಹೊಟ್ಟೆ ಹಿಡಿದು, ಇನ್ನೊಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, ಹಾಗೆಯೇ ಮೆಟ್ಟಿಲ ಮೇಲೆ ಕುಸಿದಳು.

"ಇದಾಳೆ! ಇದಾಳೆ ಕಣೇ!" ಎಂದು ಕೂಗುತ್ತಾ ಓಡುವ ಗಾಡಿಯಿಂದಲೇ ಹಾರಿದೆ.

ಅವಳು ಉಸಿರು ತಂದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನನ್ನು ಬೈದ ಬೈಗುಳವನ್ನು ಜಟಕಾದವನೂ ಕುದುರೆಯೂ ಪೂರ್ತಿ ಕೇಳಿದವು.

"ಮತ್ಯಾಕೆ ಕರ್ಕೊಂಡ್ ಬರ್ಲಿಲ್ಲ? ಸರಿಯಾಗಿ ನೋಡ್ಕೊಳ್ಳಲ್ಲ ಅಂದ್ರಲ್ಲ?"

"ನೋಡ್ಕೋತಾರೆ. ನಾನೇ ಸರಿಯಾಗಿ ನೋಡಿರ್ಲಿಲ್ಲ. ಸಾರು ಮಾತ್ರ ನೀರಂತೆ."

"ಅಷ್ಟೇನಾ?"

"ಅಷ್ಟೇ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಕೋಣೆಯ ಕಡೆ ಹೋಗಿ, ಬಾಗಿಲಿಗೆ ಅಂಟಿಸಿದ್ದ ನನ್ನ ಆಜ್ಞೆಯನ್ನು ಉಗುರಿನಿಂದ ಕೆರೆದು ಕಿತ್ತಳು. ಗೋಂದು ಗಟ್ಟಿಯಾಗಿ ಹಿಡಿದಿತ್ತು. ಸಹಿ, ಹುದ್ದೆಗಳಿದ್ದ ತುಂಡು ಬಾಗಿಲಲ್ಲೇ ಉಳಿಯಿತು.

ಮಾರನೆಯ ದಿನ ಗುರುವಾರ. ಮೂರೂವರೆಗೆ ಅವಳು ಹಿಡಿಕೆಯ ತೂಕುಪಾತ್ರೆಯಲ್ಲಿ ಗಟ್ಟಿ ಸಾರು ತುಂಬಿಕೊಂಡು ಸಿದ್ಧವಾಗಿ ನಿಂತಿದ್ದಳು. ಬಸುರಿ ಹೋಗಬಾರದೆಂಬ ಅಕ್ಕನ ಆಜ್ಞೆಯನ್ನು ನೆನಪಿಸಲು ನಾನು ಬಾಯಿ ತೆರೆದೆ; ಹಿಂದಿನ ದಿನದ ಕಾಗದದ ಗತಿಯನ್ನು ನೆನೆದು ಮುಚ್ಚಿದೆ. ಬಂಗಲೆಯಲ್ಲಿ ಮೇಟ್ರನ್ ಅವಳೊಬ್ಬಳನ್ನೇ ಒಳಗೆ ಬಿಟ್ಟು ಬಾಗಿಲು ಹಾಕಿದಳು. ನಾನು ಹಿತ್ತಲಿನಲ್ಲಿ ಮೂರು ಚಕ್ರದ ಕಾರಿನ ಪಕ್ಕ ಐದು ಹೊಡೆಯುವವರೆಗೆ ನಿಂತಿದ್ದೆ. ಹೊರಗೆ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು, ಸೆರಗು ಸ್ಪಿರಿಟಿನ ವಾಸನೆ ಹೊಡೆಯುತ್ತಿತ್ತು, ತೂಕುಪಾತ್ರೆ ಖಾಲಿಯಾಗಿತ್ತು.

"ಉಪ್ಪು ಕಡಿಮೆಯಂತೆ" ಎಂದಳು.