ಮೇಡಂ ಬರೆದ ನೈಲ್ ನದಿ

"ನೈಲ್ ನದಿ ಹೆಂಗೈತೆ ಅಂತ ನೋಡ್ಕೊಂಡ್ ಬಂದು ನಂಗೂ ಹೇಳವ್ವ," ಅಂದರು ಮೇಡಂ. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಅವರಿಗೆ, ರಜೆಯಲ್ಲಿ ಅಕ್ಕನ ಜೊತೆ ಈಜಿಪ್ಟಿಗೆ ಹೋಗುವ ಯೋಚನೆ ಇದೆ ಅಂತ ಹೇಳಿದ್ದೆ. ಹೊಂಗನೂರಿನ ಶಾಲೆಯಲ್ಲಿ ನಮಗೆ ಸಮಾಜ ಕಲಿಸಿದವರು ಅವರು. ನೀಲಿ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ನೈಲ್ ನದಿ ಬರೆಯುತ್ತಿದ್ದರು. ಪಾಠ ಮುಗಿದರೂ ಅದನ್ನು ಅಳಿಸಲು ನಮಗೆ ಮನಸ್ಸೇ ಬರುತ್ತಿರಲಿಲ್ಲ.

"ನೀವೂ ನಮ್ಮ ಜೊತೆ ಬನ್ನಿ ಮೇಡಂ," ಎಂದೆ.

"ನಾನು ಮೈಸೂರು ದಾಟಿದೋಳಲ್ಲ ಕಣವ್ವ," ಎಂದು ನಕ್ಕರು. ಆದರೆ ನನ್ನ ಕೈ ಬಿಡಲಿಲ್ಲ. ಅವರ ಬಸ್ಸು ಬಂತು, ಹೊರಟೂ ಹೋಯಿತು. ಅವರು ಹತ್ತಲಿಲ್ಲ.

ಈಗ ನಾವು ಮೂವರು ಹೊರಟಿದ್ದೇವೆ. ನಿನ್ನೆ ಮೇಡಂ ಫೋನ್ ಮಾಡಿ, ಅಲ್ಲಿಗೆ ಸ್ವೆಟರ್ ಬೇಕಾ ಎಂದು ಕೇಳಿದರು. ಶಾಲೆಯ ಪ್ರವಾಸದ ಹಿಂದಿನ ದಿನ ನಾವು ಅವರನ್ನು ಹಾಗೇ ಕೇಳುತ್ತಿದ್ದೆವು.