ಮಾವ ಬುಕ್ ಮಾಡಿದ್ದ ಎರಡನೇ ಸೀಟು

ನಿಮ್ಮನ್ನು ಊರಿಗೆ ವಾಪಸು ಕರೆದೊಯ್ಯಲು ಬಂದವರನ್ನು ಮೊದಲ ಸಂಬಳದಲ್ಲಿ ಮಾಲ್‌ನ ಸಿನಿಮಾಕ್ಕೆ ಕರೆದುಕೊಂಡು ಹೋಗಬೇಡಿ. ಕಡಬದ ನನ್ನ ಬಟ್ಟೆ ಅಂಗಡಿಗೆ ಬರುವ ಹುಡುಗಿಯರಿಗೆಲ್ಲ ನಾನು ಈ ಮಾತು ಹೇಳುತ್ತೇನೆ. ಬೆಂಗಳೂರಿಗೆ ಕೆಲಸಕ್ಕೆಂದು ಹೊರಟವರು ಎರಡು ಚೂಡಿದಾರ್ ತೆಗೆದುಕೊಳ್ಳುತ್ತಾರೆ, ಜೊತೆಗೆ ಈ ಬುದ್ಧಿಮಾತು ಪುಕ್ಕಟೆ. ಚೂಡಿದಾರಿಗೆ ಚೌಕಾಸಿ ಮಾಡುವವರು ಬುದ್ಧಿಮಾತಿಗೆ ಸುಮ್ಮನೆ ನಗುತ್ತಾರೆ.

ನಾನು ಕರೆದುಕೊಂಡು ಹೋದದ್ದು ಸೋದರಮಾವನನ್ನು. ನಮ್ಮ ಕಡೆ ಅಮ್ಮನ ಅಣ್ಣನ ಮಾತಿಗೆ ತೂಕ ಜಾಸ್ತಿ. ನಾನು ಬೆಂಗಳೂರಿಗೆ ಹೊರಟಾಗ ಅಪ್ಪ, “ಮಾವನಿಗೆ ಒಪ್ಪಿಗೆಯಾದರೆ ನನಗೂ ಒಪ್ಪಿಗೆ” ಎಂದು ಜಾರಿಕೊಂಡಿದ್ದರು. ಮಾವ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಒಂದು ತಿಂಗಳು ನೋಡುವುದು. ಮೊದಲ ಸಂಬಳ ಆದ ಮೇಲೆ ಅವರೇ ಬಂದು ಪರಿಸ್ಥಿತಿ ನೋಡುತ್ತಾರೆ. ಸರಿ ಕಂಡರೆ ಇರುವುದು, ಇಲ್ಲದಿದ್ದರೆ ಅವರ ಜೊತೆ ಹೊರಡುವುದು.

ಮಾವನದು ಇಚಿಲಂಪಾಡಿಯಿಂದ ಕಡಬಕ್ಕೆ ಓಡಿಸುವ ಸರ್ವಿಸ್ ಜೀಪು. ಸೀಟು ಭರ್ತಿಯಾಗದೆ ಅವರು ಸ್ಟಾರ್ಟ್ ಮಾಡಿದ್ದನ್ನು ಕಂಡವರಿಲ್ಲ. ಒಂದು ಸೀಟು ಖಾಲಿ ಉಳಿದರೆ ಅಂಗಡಿ ಜಗಲಿಯಲ್ಲಿ ಸುಮ್ಮನೆ ಕುಳಿತವರನ್ನೂ, “ಕಡಬದಲ್ಲಿ ಎಂತಾದ್ರೂ ಕೆಲಸ ಉಂಟಾ, ಬನ್ನಿ” ಎಂದು ಹತ್ತಿಸುವ ಮನುಷ್ಯ. ಪುತ್ತೂರಿಗೋ ಸುಳ್ಯಕ್ಕೋ ತುಳು ಸಿನಿಮಾ ಬಂದರೆ ಜೀಪು ತುಂಬ ಜನ ಹಾಕಿಕೊಂಡು ಹೋಗುತ್ತಿದ್ದರು. ಬಾಡಿಗೆ, ಟಿಕೆಟ್ಟು, ಇಂಟರ್‌ವಲ್‌ನ ಚಹಾ ಎಲ್ಲ ಸೇರಿ ತಲೆಗೆ ಇಷ್ಟೆಂದು ಮೊದಲೇ ವಸೂಲಿ. ಆಗ ಚಿಕ್ಕವಳಾಗಿದ್ದ ನಾನು ಅವರ ತೊಡೆಯ ಮೇಲೆ ಕುಳಿತು ನೋಡುತ್ತಿದ್ದುದರಿಂದ ನನಗೆ ಟಿಕೆಟ್ಟೂ ಇಲ್ಲ, ಚಹಾವೂ ಇಲ್ಲ. ಅಂಥ ಮಾವನಿಗೆ ನನ್ನ ದುಡ್ಡಿನಲ್ಲಿ ಒಂದು ಸಿನಿಮಾ ತೋರಿಸಬೇಕೆಂದು ಊರು ಬಿಡುವಾಗಲೇ ಅಂದುಕೊಂಡಿದ್ದೆ.

ಕೆಲಸ ಸಿಕ್ಕಿದ್ದು ಚಿಕ್ಕಪೇಟೆಯ ಒಂದು ಒಳಗಲ್ಲಿಯ ಹೋಲ್‌ಸೇಲ್ ಅಂಗಡಿಯಲ್ಲಿ. ನೈಟಿ, ಚೂಡಿದಾರ್, ಮಕ್ಕಳ ಫ್ರಾಕು. ತುಳು, ಬ್ಯಾರಿ, ಮಲಯಾಳ ಮಾತಾಡುವ ಗಿರಾಕಿಗಳು ಬಂದರೆ ನನ್ನನ್ನು ಮುಂದೆ ನಿಲ್ಲಿಸುತ್ತಿದ್ದರು. ತಿಂಗಳು ತುಂಬಿದ ಶನಿವಾರ ಸಂಜೆ ಸಂಬಳದ ಕವರು ಕೊಟ್ಟರು. ತೆರೆದು ನೋಡಿದರೆ ಕಡಿಮೆ ಇತ್ತು.

“ಹತ್ತು ದಿನದ ಸಂಬಳ ನಮ್ಮ ಹತ್ರ ಇರುತ್ತೆ ಕಣಮ್ಮ,” ಎಂದರು ಮಾಲೀಕರು. “ಎಲ್ರಿಗೂ ಹಾಗೇ. ಕೆಲಸ ಬಿಡುವಾಗ ಕೊಡ್ತೀವಿ.”

ಇದನ್ನು ಸೇರುವ ದಿನವೇ ಕೇಳಿಕೊಳ್ಳಬೇಕು. ಸಂಬಳ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಮೊದಲ ತಿಂಗಳು ಕೈಗೆ ಬರುವುದು ಎಷ್ಟು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಾವ ನಾನಿದ್ದ ಪಿ.ಜಿ.ಯ ಮೆಟ್ಟಿಲ ಮೇಲೆ ಕುಳಿತಿದ್ದರು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ನಾನು ಇಳಿದು ಹೋದೊಡನೆ ಫೋನು ನನ್ನ ಮುಖದ ಮುಂದೆ ಹಿಡಿದರು. ಮಧ್ಯಾಹ್ನದ ಪುತ್ತೂರು ಬಸ್ಸು, ಅವರ ಹೆಸರಿನಲ್ಲಿ ಅಕ್ಕಪಕ್ಕದ ಎರಡು ಸೀಟು.

“ಕಿಟಕಿ ಸೀಟು ನಿನಗೆ,” ಎಂದರು.

ನಾವು ಆಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. “ನೋಡಿ ಆಮೇಲೆ ತೀರ್ಮಾನ ಅಂತ ಹೇಳಿದ್ರಲ್ಲ ಮಾವ?”

“ನೋಡುದು ನೋಡುವ. ನಾಳೆ ರಜೆ, ಬಸ್ಸು ರಶ್ಶು. ಸೀಟು ಆಮೇಲೆ ಸಿಗ್ಲಿಕ್ಕಿಲ್ಲ ಅಂತ ಮೊದಲೇ ಮಾಡಿದೆ.”

“ಬೇಡ ಅಂತಾದ್ರೆ ಕ್ಯಾನ್ಸಲ್ ಮಾಡ್ಬಹುದಾ?”

“ಇವತ್ತಿನ ಬಸ್ಸನ್ನು ಇವತ್ತು ಕ್ಯಾನ್ಸಲ್ ಮಾಡಿದ್ರೆ ಒಂದು ರೂಪಾಯಿ ವಾಪಸು ಬರುದಿಲ್ಲ.”

ಆಗಲೇ ನನಗೆ ಗೊತ್ತಾಯಿತು, ಅರ್ಧ ಸೋತಾಗಿದೆ ಎಂದು. ನನ್ನ ಸಂಬಳ, ಪಿ.ಜಿ., ಕೆಲಸ ಎಲ್ಲ ಮಾವನಿಗೆ ಹಿಡಿಸಿದರೂ ದುಡ್ಡು ಕೊಟ್ಟ ಸೀಟು ಖಾಲಿ ಹೋಗುವುದು ಅವರಿಗೆ ಹಿಡಿಸುವುದಿಲ್ಲ. ಅದೊಂದಕ್ಕಾಗಿ ನನ್ನನ್ನು ಎಳೆದುಕೊಂಡು ಹೋದಾರು.

ಹತ್ತು ದಿನದ ಸಂಬಳ ಅಂಗಡಿಯಲ್ಲೇ ಉಳಿದ ವಿಷಯವನ್ನು ಸಿನಿಮಾಕ್ಕೆ ಹೋಗುವ ದಾರಿಯಲ್ಲೇ ಹೇಳಿಬಿಟ್ಟೆ. ಆಮೇಲೆ ಬೇರೆ ಕಡೆಯಿಂದ ಗೊತ್ತಾದರೆ ಇನ್ನೂ ಕಷ್ಟ. ಅವರು ಬೈಯಲಿಲ್ಲ, “ಹೌದಾ,” ಎಂದರು. ಬೈದಿದ್ದರೆ ವಾಸಿಯಿತ್ತು.

ಸಿನಿಮಾ ತುಳುವಿನದ್ದೇ. ಆ ಮಾಲ್‌ನಲ್ಲಿ ಭಾನುವಾರ ಬೆಳಗಿನ ಒಂದು ಶೋ ಮಾತ್ರ. ಬೆಳಗಿನ ಶೋಗೆ ಟಿಕೆಟ್ ಕಡಿಮೆ, ಮುಂದಿನ ಸಾಲಿಗೆ ಇನ್ನೂ ಕಡಿಮೆ. ಫೋನಿನಲ್ಲಿ ಬುಕ್ ಮಾಡಿದರೆ ಮೇಲೆ ಒಂದು ಚಾರ್ಜು ಬೀಳುತ್ತದೆ, ಅದಕ್ಕೆ ಕೌಂಟರಿನಲ್ಲೇ ತೆಗೆದೆ. ಇಷ್ಟೆಲ್ಲ ಉಳಿಸಿದ್ದನ್ನು ಮಾವ ಗಮನಿಸಲಿ ಎಂದು ಕೌಂಟರಿನವನ ಹತ್ತಿರ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಮಾವ ಗಮನಿಸಿದ್ದು ಎರಡು ಟಿಕೆಟ್ಟಿಗೆ ಒಟ್ಟು ಎಷ್ಟಾಯಿತೆಂಬುದನ್ನು ಮಾತ್ರ.

ಒಳಗೆ ಹೋಗುವಲ್ಲಿ ಸೆಕ್ಯೂರಿಟಿಯವನು ಅವರ ಕೈಚೀಲ ತೆರೆಸಿದ. ಅತ್ತೆ ನನಗೆಂದು ಕಳಿಸಿದ್ದ ಬಾಳೆಕಾಯಿ ಚಿಪ್ಸ್ ಇತ್ತು.

“ಹೊರಗಿನ ತಿಂಡಿ ಬಿಡಲ್ಲ ಸರ್. ಇಲ್ಲಿ ಇಟ್ಟು ಹೋಗಿ.”

“ಇಟ್ಟು ಹೋದ್ರೆ ನೀವು ತಿಂತೀರಿ,” ಎಂದರು ಮಾವ.

“ಇಲ್ಲ ಸರ್, ಡಸ್ಟ್‌ಬಿನ್‌ಗೆ ಹಾಕ್ತೀವಿ.”

ತಿನ್ನುತ್ತೇವೆ ಎಂದಿದ್ದರೆ ಮಾವ ಕೊಟ್ಟುಬಿಡುತ್ತಿದ್ದರೇನೋ. ಡಸ್ಟ್‌ಬಿನ್ ಎಂದದ್ದು ಕೇಳಿ ಅಲ್ಲೇ ಬದಿಯ ಬೆಂಚಿನಲ್ಲಿ ಕುಳಿತು ಕಟ್ಟು ಬಿಚ್ಚಿದರು. ನನಗೊಂದು ಹಿಡಿ, ಸೆಕ್ಯೂರಿಟಿಯವನಿಗೊಂದು ಹಿಡಿ. ಆತ ತಿಂದ, ಚೆನ್ನಾಗಿದೆ ಎಂದ, ಆದರೂ ಒಳಗೆ ಬಿಡಲಿಲ್ಲ. ಪೊಟ್ಟಣ ಖಾಲಿಯಾಗುವಷ್ಟರಲ್ಲಿ ಸಿನಿಮಾ ಶುರುವಾಗಿತ್ತು.

ಹಾಲ್‌ನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ಮಾವ ಪರದೆಯ ಕಡೆಗಿಂತ ಹೆಚ್ಚಾಗಿ ಹಿಂದೆ ತಿರುಗಿ ನೋಡುತ್ತಿದ್ದರು.

“ಇಷ್ಟು ಸೀಟು ಖಾಲಿ ಇಟ್ಟು ಶುರು ಮಾಡಿದ್ದಾರಲ್ಲ ಮಾರಾಯ್ತಿ,” ಎಂದು ಪಿಸುಗುಟ್ಟಿದರು. “ಹೊರಗೆ ಎಷ್ಟು ಜನ ಸುಮ್ಮನೆ ತಿರುಗಾಡ್ತಾ ಇದ್ರು. ಅರ್ಧ ರೇಟಿಗೆ ಕರೆದ್ರೆ ಬರುದಿಲ್ವಾ?”

ಇಂಟರ್‌ವಲ್‌ನಲ್ಲಿ ತಿಂಡಿ ಕೌಂಟರಿನ ಬೋರ್ಡನ್ನು ಒಂದೊಂದೇ ಸಾಲಾಗಿ ಗಟ್ಟಿಯಾಗಿ ಓದಿದರು. ಪಾಪ್‌ಕಾರ್ನಿಗೆ ನಮ್ಮ ಒಂದು ಟಿಕೆಟ್ಟಿಗಿಂತ ಹೆಚ್ಚು. “ಚಿಕ್ಕದಕ್ಕೆ ಇಷ್ಟಾ? ಈ ದುಡ್ಡಿನಲ್ಲಿ ಕಡಬದಲ್ಲಿ ಇಬ್ಬರು ಮೀನು ಊಟ ಮಾಡಿ ಬೀಡ ಹಾಕ್ಬಹುದು.” ಸಾಲಿನಲ್ಲಿದ್ದವರು ತಿರುಗಿ ನೋಡಿದರು. ನಾನು ಕೇಳಿ ತಿಳಿದುಕೊಂಡು ಮೂಲೆಯ ಕುಡಿಯುವ ನೀರಿನ ನಲ್ಲಿಯಿಂದ ಎರಡು ಲೋಟ ತಂದೆ. ಕೇಳಿದರೆ ತೋರಿಸುತ್ತಾರೆ, ಕೇಳದಿದ್ದರೆ ಬಾಟಲಿ ಮಾರುತ್ತಾರೆ. ಎಲ್ಲ ಕಡೆಯೂ ಹೀಗೇ.

ಮಾವ ನೀರು ಕುಡಿದು ಶುರು ಮಾಡಿದರು.

“ಕಡಬದ ಮೆಡಿಕಲ್‌ನವ್ರು ನಾಡಿದ್ದಿನಿಂದಲೇ ಬರ್ಲಿಕ್ಕೆ ಹೇಳಿದ್ದಾರೆ. ಸಂಬಳ ಕಡಿಮೆ, ಅದು ಹೌದು. ಆದ್ರೆ ಬಾಡಿಗೆ ಇಲ್ಲ, ಊಟ ಮನೆದು, ನನ್ನ ಜೀಪಿನಲ್ಲಿ ಹೋಗುದು ಬರುದು. ತಿಂಗಳ ಕೊನೆಗೆ ಅಲ್ಲಿ ಎಷ್ಟು ಉಳಿಯುದು, ಇಲ್ಲಿ ಎಷ್ಟು ಉಳಿಯುದು? ನೀನೇ ಹೇಳು, ನಾನು ಹೇಳುದಿಲ್ಲ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಎದುರಿನವರ ಲೆಕ್ಕ ಸರಿ ಇದ್ದರೆ ಅದರ ಜೊತೆ ಗುದ್ದಾಡಬಾರದು, ಬೇರೆ ಸರಕು ಮುಂದಿಡಬೇಕು.

“ದುಡ್ಡು ಅಲ್ಲಿಯೇ ಹೆಚ್ಚು ಉಳಿಯುದು ಮಾವ,” ಎಂದೆ. “ಆದ್ರೆ ಮೆಡಿಕಲ್‌ನಲ್ಲಿ ಹತ್ತು ವರ್ಷ ನಿಂತ್ರೂ ನಾನು ಮಾತ್ರೆ ಕೊಡುವವಳೇ. ಪುತ್ತೂರಿನ ಅಂಗಡಿಯಲ್ಲಿ ಅತ್ತೆ ತಕೊಳ್ಳುವ ನೈಟಿ ಇಲ್ಲಿಂದ ಎಷ್ಟಕ್ಕೆ ಹೋಗುದು ಅಂತ ಒಂದೇ ತಿಂಗಳಲ್ಲಿ ನನಗೆ ಗೊತ್ತಾಗಿದೆ.”

“ಎಷ್ಟಕ್ಕೆ?” ಮಾವ ತಟ್ಟನೆ ಕೇಳಿದರು.

“ಅದು ಹೇಳುದಿಲ್ಲ.”

“ನನ್ನ ಹತ್ರವೂ?”

“ಎರಡು ವರ್ಷ ಬಿಡಿ. ಯಾವ ಮಾಲು ಎಲ್ಲಿಂದ ಬರುದು, ಯಾವ ತಿಂಗಳು ರೇಟು ಇಳಿಯುದು, ಯಾರು ಸಾಲಕ್ಕೆ ಮಾಲು ಕೊಡುದು, ಎಲ್ಲ ಕಲಿತು ಬಂದು ಕಡಬದಲ್ಲೇ ಅಂಗಡಿ ಹಾಕ್ತೇನೆ. ಬರುದಿಲ್ಲ ಅಂತ ನಾನು ಹೇಳ್ಲಿಲ್ಲ. ಈಗ ಬರುದಿಲ್ಲ.”

ಬೆಲ್ಲು ಹೊಡೆಯಿತು. ಜನ ಒಳಗೆ ಹೋಗತೊಡಗಿದರು. ಮಾವ ಕಾಗದದ ಲೋಟವನ್ನು ಮಡಚಿ ಮಡಚಿ ಚಿಕ್ಕದು ಮಾಡುತ್ತಿದ್ದರು. ನಾನು ಮತ್ತೆ ಬಾಯಿ ತೆರೆಯಲಿಲ್ಲ. ಹೇಳಬೇಕಾದದ್ದನ್ನು ಹೇಳಿದ ಮೇಲೆ ಮೊದಲು ಮಾತಾಡಿದವರೇ ರೇಟು ಇಳಿಸಬೇಕಾಗುತ್ತದೆ.

“ಅದು ಸರಿ,” ಎಂದರು ಕೊನೆಗೆ. “ಆದ್ರೆ ಆ ಸೀಟು ಎಂತ ಮಾಡುದು?”

“ನಾನು ಮಾರ್ತೇನೆ.”

“ಪೂರ್ತಿ ರೇಟಿಗೆ. ಎಂಟುನೂರು. ನಿನ್ನ ಕೈಯಿಂದ ಹಾಕ್ಲಿಕ್ಕಿಲ್ಲ.”

“ಹಾಕುದಿಲ್ಲ.”

“ಬಸ್ಸು ಹೊರಡುವಾಗ ಸೀಟು ಖಾಲಿ ಇದ್ರೆ ನೀನು ಕೂರುದು. ಬಟ್ಟೆಬರೆ ಆಮೇಲೆ ತರಿಸುವ.”

ಒಪ್ಪಿದೆ. ಇಂಟರ್‌ವಲ್ ಆದಮೇಲಿನ ಸಿನಿಮಾದ ಕತೆ ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಮಾವ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬಸ್ಸು ಹತ್ತುವ ಜಾಗದಲ್ಲಿ ಬ್ಯಾಗು, ಸೂಟ್‌ಕೇಸು, ಮಕ್ಕಳು. ಬಸ್ಸು ಭರ್ತಿಯೆಂದು ಏಜೆಂಟ್ ಕೂಗಿ ಹೇಳುತ್ತಿದ್ದ. ಇಷ್ಟು ರಶ್ಶಿನಲ್ಲಿ ಒಂದು ಸೀಟು ಹೋಗದೆ ಇರುತ್ತದೆಯೇ ಎಂದುಕೊಂಡೆ. ಇಬ್ಬರು ಹುಡುಗರು ಬಂದರು, ಅವರಿಗೆ ಎರಡು ಸೀಟು ಬೇಕು. ನನ್ನ ವಯಸ್ಸಿನ ಒಬ್ಬಳು ಪೂರ್ತಿ ದುಡ್ಡು ತೆಗೆದೇಬಿಟ್ಟಳು, ಪಕ್ಕದಲ್ಲಿ ಗಂಡಸು ಎಂದು ತಿಳಿದು ಒಳಗಿಟ್ಟಳು. ನಮ್ಮ ಮಾವನೇ, ತೊಂದರೆ ಇಲ್ಲ ಎಂದೆ. ಅವಳು ಮಾವನ ಮೀಸೆಯನ್ನೊಮ್ಮೆ ನೋಡಿ ಸಾರಿ ಎಂದಳು.

ಬಸ್ಸು ಬಂದು ನಿಂತಿತು. ಲಗೇಜು ಹಾಕತೊಡಗಿದರು.

ಆಗ ಕಂಡದ್ದು ಬಟ್ಟೆಯ ಗಂಟು ಹೊತ್ತ ಒಬ್ಬ ಬ್ಯಾರಿ ವ್ಯಾಪಾರಿ. ಪುತ್ತೂರಿನವರು, ಟಿಕೆಟ್ ಇಲ್ಲದೆ ಏಜೆಂಟನ ಜೊತೆ ವಾದಿಸುತ್ತಿದ್ದರು. ನಾನು ಬ್ಯಾರಿಯಲ್ಲೇ ಮಾತಾಡಿಸಿದೆ. “ಕಾಕ, ನನ್ನ ಹತ್ರ ಒಂದು ಸೀಟು ಉಂಟು. ಕಿಟಕಿದು. ಎಂಟುನೂರು.”

“ಆರುನೂರು ಕೊಡ್ತೇನೆ ಮೋಳೆ,” ಎಂದರು, ಮಗಳೇ ಎನ್ನುವ ಹಾಗೆ.

“ನಾವು ಕೊಟ್ಟದ್ದೇ ಎಂಟುನೂರು. ಒಂದು ಪೈಸೆ ಲಾಭ ಇಲ್ಲ.”

“ಏಜೆಂಟ್ ಡ್ರೈವರನ ಹತ್ರ ಕ್ಯಾಬಿನ್‌ನಲ್ಲಿ ಕೂರ್ಲಿಕ್ಕೆ ಹೇಳ್ತಾನೆ. ನಾನೂರಕ್ಕೆ.”

“ಶಿರಾಡಿ ಘಾಟಿ ಪೂರ್ತಿ ಇಂಜಿನ್ ಬಿಸಿಗೆ ಕೂರ್ತೀರಾ?”

“ನಾನು ಇಪ್ಪತ್ತು ವರ್ಷದಿಂದ ಇಂಜಿನ್ ಬಿಸಿಗೇ ಕೂತು ಬಂದವ,” ಎಂದು ನಕ್ಕು ಗಂಟು ಹೊತ್ತು ಬಸ್ಸಿನ ಮುಂದಿನ ಬಾಗಿಲಿನ ಕಡೆ ನಡೆದರು.

ಡ್ರೈವರ್ ಹಾರ್ನ್ ಹೊಡೆದ. ಮಾವ ಮೆಟ್ಟಿಲಿಗೆ ಒಂದು ಕಾಲಿಟ್ಟು ನಿಂತಿದ್ದರು. “ಕರಿ ಅವ್ರನ್ನ,” ಎಂದರು. “ಏಳುನೂರಕ್ಕೆ ಕೇಳು.”

“ಎಂಟುನೂರು ಅಂತ ನೀವೇ ಹೇಳಿದ್ದು.”

“ಬಸ್ಸು ಹೊರಡ್ತದೆ ಮಾರಾಯ್ತಿ.”

ನಾನು ಕರೆಯಲಿಲ್ಲ. ಹೊರಟ ಗಿರಾಕಿಯನ್ನು ಕೂಗಿದರೆ ಬೆಲೆ ಅಲ್ಲೇ ಬಿದ್ದುಹೋಗುತ್ತದೆ, ಅದನ್ನು ಅಂಗಡಿಯಲ್ಲಿ ದಿನವೂ ನೋಡುತ್ತಿದ್ದೆ. ಆದರೆ ಅಂಗಡಿಯಲ್ಲಿ ಹೋಗುತ್ತಿದ್ದುದು ಮಾಲೀಕರ ಮಾಲು. ಇಲ್ಲಿ ಅವರು ಕ್ಯಾಬಿನ್ನಿಗೆ ಹತ್ತಿದರೆ ನಾನು ಉಟ್ಟ ಬಟ್ಟೆಯಲ್ಲಿ ಈ ಬಸ್ಸು ಹತ್ತಬೇಕು, ನಾಡಿದ್ದು ಮೆಡಿಕಲ್‌ನಲ್ಲಿ ನಿಲ್ಲಬೇಕು. ಅವರ ಕಡೆ ನೋಡದೆ ಎದುರಿನ ಆಟೋಗಳ ಕಡೆ ನೋಡುತ್ತ ನಿಂತೆ.

ಮಾವ ಎರಡನೇ ಕಾಲನ್ನೂ ಮೆಟ್ಟಿಲಿಗಿಟ್ಟರು. “ಬಸ್ಸು ಹತ್ತು.”

ಒಂದು ಹೆಜ್ಜೆ ಮುಂದಿಟ್ಟೆ. ಹಿಂದಿನಿಂದ ಬ್ಯಾರಿಯಲ್ಲಿ ಯಾರೋ ಗೊಣಗುವುದು ಕೇಳಿಸಿತು. ಕ್ಯಾಬಿನ್‌ನಲ್ಲಿ ಆಗಲೇ ನಾಲ್ಕು ಜನ ಕುಳಿತಿದ್ದರಂತೆ, ಗಂಟು ಇಡಲು ಜಾಗವಿಲ್ಲವಂತೆ.

“ಏಳುನೂರೈವತ್ತು, ಮೋಳೆ.”

“ಎಂಟುನೂರು ಕಾಕ. ಗಂಟು ನಮ್ಮ ಮಾವನ ಕಾಲಿನ ಹತ್ರ ಇಡ್ಲಿಕ್ಕೆ ಬಿಡ್ತಾರೆ.”

ವ್ಯಾಪಾರಿ ಜೇಬಿನಿಂದ ನೋಟು ತೆಗೆದು ನನ್ನ ಕೈಗಲ್ಲ, ಮಾವನ ಕೈಗೆ ಕೊಟ್ಟರು. ಮಾವ ಎಣಿಸಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಬಾಗಿಲು ಮುಚ್ಚಿತು. ಹೋಗಿ ಬರ್ತೇನೆ ಎನ್ನಲೂ ಸಮಯವಿರಲಿಲ್ಲ.

ಪಿ.ಜಿ.ಗೆ ಹಿಂದಿರುಗುವ ದಾರಿಯಲ್ಲಿ ಫೋನು ಬಂತು.

“ಈ ಗಂಟಿನವ್ರು ಹತ್ತಿದಲ್ಲಿಂದ ಬಾಯಿ ಮುಚ್ಚಲಿಲ್ಲ,” ಎಂದರು ಮಾವ ದನಿ ತಗ್ಗಿಸಿ. “ನನ್ನ ಕಾಲು ಇಡ್ಲಿಕ್ಕೂ ಜಾಗ ಇಲ್ಲ. ನಿನಗೆ ಬೇರೆ ಯಾರೂ ಸಿಗ್ಲಿಲ್ವಾ?”

“ಎಂಟುನೂರು ಕೊಡುವವರು ಬೇರೆ ಸಿಗ್ಲಿಲ್ಲ ಮಾವ.”

ಮಾವ ಮಾತು ಬದಲಿಸಿದರು.

“ನಿನ್ನ ಅಮ್ಮ ನೀನು ಬರ್ತಿ ಅಂತ ಕೋಳಿ ಮಾಡಿದ್ದಾಳೆ. ಎಂತ ಹೇಳುದು ಈಗ?”

“ಸೀಟು ಸಿಗ್ಲಿಲ್ಲ ಅಂತ ಹೇಳಿ.”

“ನಾನು ಹೇಳುದಿಲ್ಲ. ಎರಡು ವರ್ಷ ಅಂತ ಹೇಳಿದ್ದು ನೀನು. ನೀನೇ ಫೋನ್ ಮಾಡು,” ಎಂದು ಇಟ್ಟುಬಿಟ್ಟರು.

ರಸ್ತೆ ಬದಿಯಲ್ಲಿ ನಿಂತು ಅಮ್ಮನ ನಂಬರ್ ಒತ್ತಿದೆ. ಒಂದೇ ರಿಂಗಿಗೆ ಎತ್ತಿದರು. “ಎಲ್ಲಿಗೆ ಮುಟ್ಟಿದ್ರಿ?” ಎಂದು ಕೇಳಿದರು.